ಒಂದೇ ಗಡ್ಡೆ, ಎರಡು ಬಗೆಯ ಕೋಶಗಳು: ಮೂಲ ಹುಡುಕಿದ ನನ್ನ ಅನುಭವ

ನಾನು ಪೆಥಾಲಜಿಸ್ಟ್. ಒಮ್ಮೆ ಆಪರೇಷನ್ ಮಾಡಿ ತೆಗೆದ ಶ್ವಾಸಕೋಶದ ಗಡ್ಡೆಯೊಂದು ಪರೀಕ್ಷೆಗೆ ಬಂತು. ಸೂಜಿ ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ (ಗ್ರಂಥಿ ರೂಪದ ಕ್ಯಾನ್ಸರ್) ಎಂದಷ್ಟೇ ಇತ್ತು. ಈಗ ಸ್ಲೈಡಿನ ಒಂದು ಕಡೆ ಲೋಳೆ ತುಂಬಿದ ಗ್ರಂಥಿಗಳು, ಇನ್ನೊಂದು ಕಡೆ ಕೆರಟಿನ್ (ಉಗುರು, ಕೂದಲಿನಲ್ಲಿರುವ ಪ್ರೋಟೀನ್) ಕಟ್ಟಿಕೊಂಡ ಸ್ಕ್ವಾಮಸ್, ಅಂದರೆ ಚರ್ಮದ ಹೊರಪದರದಂಥ ಚಪ್ಪಟೆ ಕೋಶಗಳು. ಎರಡೂ ಶೇ. 10ಕ್ಕಿಂತ ಜಾಸ್ತಿ. ಹಾಗಾಗಿ ಇದು ಅಡಿನೋಸ್ಕ್ವಾಮಸ್ ಕಾರ್ಸಿನೋಮ, ಎರಡೂ ಬಗೆ ಬೆರೆತ ಕ್ಯಾನ್ಸರ್.

ಹೆಸರು ಸಿಕ್ಕಿತು. ಆದರೆ ಇವು ಅಕ್ಕಪಕ್ಕ ಹುಟ್ಟಿ ಕೂಡಿಕೊಂಡ ಎರಡು ಗಡ್ಡೆಗಳೋ, ಒಂದೇ ಕೋಶದಿಂದ ಬಂದವೋ? ಅದನ್ನು ನೋಡಲೇಬೇಕು ಅನ್ನಿಸಿತು.

ಮೊದಲು ಕೋಶದ ಬಗೆ ತಿಳಿಸುವ ಎರಡು ಪ್ರೋಟೀನುಗಳಾದ ಟಿಟಿಎಫ್-1 ಮತ್ತು ಪಿ40 ಗುರುತಿಸುವ ಬಣ್ಣ ಹಾಕಿಸಿದೆ. ಗ್ರಂಥಿಗಳ ಕೋಶಕೇಂದ್ರಗಳು ಟಿಟಿಎಫ್-1ಗೆ ಕಂದಾದವು, ಸ್ಕ್ವಾಮಸ್ ಭಾಗ ಪಿ40ಗೆ. ಸ್ಕ್ವಾಮಸ್ ಭಾಗದ ಅಂಚಿನಲ್ಲಿಯೂ ಕೆಲವು ಕೋಶಗಳು ಟಿಟಿಎಫ್-1 ತೋರಿಸಿದವು. ಇಲ್ಲಿ ಮೋಸಹೋಗುವುದು ಸುಲಭ. ಗಡ್ಡೆ ಬೆಳೆಯುತ್ತಾ ಸುತ್ತುವರಿದ ಸಹಜ ಗಾಳಿಚೀಲದ ಕೋಶಗಳೂ ಟಿಟಿಎಫ್-1 ತೋರಿಸುತ್ತವೆ. ಆಕಾರ ನೋಡಿದರೆ ಇವು ಆ ಸಹಜ ಕೋಶಗಳೇ.

ಆಮೇಲೆ ಬಣ್ಣ ಹಾಕದ ಸ್ಲೈಡುಗಳಿಂದ ಎರಡೂ ಭಾಗಗಳನ್ನು ಬ್ಲೇಡಿನಿಂದ ಬೇರೆ ಬೇರೆಯಾಗಿ ಕೆರೆದು ಡಿಎನ್‌ಎ ತೆಗೆಸಿದೆ. ಮೊದಲ ಸಲ ನಾನು ತಪ್ಪಿದೆ. ಎರಡೂ ಸೇರುವ ಗಡಿಯ ಹತ್ತಿರ ಕೆರೆದಿದ್ದೆ. ಪಕ್ಕದ ಕೋಶಗಳು ಬೆರೆತರೆ ಎರಡರಲ್ಲೂ ಒಂದೇ ಫಲಿತಾಂಶ ಬರುತ್ತದಲ್ವಾ? ಆ ಮಾದರಿ ಬಿಟ್ಟುಬಿಟ್ಟೆ. ಎರಡನೇ ಸಲ ಪಿ40 ಸ್ಲೈಡ್ ಎದುರಿಗಿಟ್ಟುಕೊಂಡು, ಗ್ರಂಥಿಗಳಿಂದ ದೂರದ ನಡುಭಾಗಕ್ಕೆ ಗುರುತು ಹಾಕಿದೆ. ಕೆರೆದ ಮೇಲೆ ಉಳಿದದ್ದನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ.

ಎರಡೂ ಭಾಗಗಳಲ್ಲಿ ಇಜಿಎಫ್‌ಆರ್ ಎಂಬ, ಕೋಶದ ಬೆಳವಣಿಗೆ ನಡೆಸುವ ಜೀನಿನ ಎಕ್ಸಾನ್ 19 ಎಂಬ ಭಾಗದಲ್ಲಿ ಒಂದೇ ತುಣುಕು ಕಳಚಿತ್ತು. ನನಗೆ ಅಷ್ಟು ಸಾಕಾಗಲಿಲ್ಲ. ಆ ಬದಲಾವಣೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪದೇ ಪದೇ ಕಾಣುವಂಥದ್ದು, ಎರಡು ಗಡ್ಡೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಲೂಬಹುದು. ನನ್ನನ್ನು ಒಪ್ಪಿಸಿದ್ದು ಟಿಪಿ53 ಎಂಬ, ಗಡ್ಡೆ ತಡೆಯುವ ಜೀನ್. ಅಷ್ಟಾಗಿ ಕಾಣದ ಅದೇ ಒಂದು ಬದಲಾವಣೆ, ಎರಡೂ ಕಡೆ. ಅಂದರೆ ಮೂಲ ಒಂದೇ, ರೂಪ ಬದಲಾದದ್ದು ಆಮೇಲೆ.

ಆ ಮೂಲ ಕೋಶ ಯಾವುದು? ಇದಕ್ಕೆ ನನ್ನ ಸ್ಲೈಡ್ ಉತ್ತರ ಕೊಡದು. ಸ್ಕ್ವಾಮಸ್ ರೂಪ ಕಂಡ ಮಾತ್ರಕ್ಕೆ ಗಡ್ಡೆ ಶ್ವಾಸನಾಳದ ಒಳಪದರದ ತಳದಲ್ಲಿರುವ ಬೇಸಲ್ ಕೋಶದಲ್ಲೇ ಶುರುವಾಯಿತು ಎನ್ನಲಾಗದು. 2007ರ ಇಲಿ ಪ್ರಯೋಗದಲ್ಲಿ ಕೆರಾಸ್ ಜೀನ್ ಚುರುಕಾಗಿ ಎಲ್‌ಕೆಬಿ1 ಜೀನ್ ಇಲ್ಲವಾದಾಗ ಅಡಿನೋ ಮತ್ತು ಸ್ಕ್ವಾಮಸ್ ಎರಡೂ ಬಗೆಯ ಗಡ್ಡೆಗಳು ಬಂದವು. ಇಜಿಎಫ್‌ಆರ್ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿರುವ ಕೆಲವರಲ್ಲಿ ಅಡಿನೋಕಾರ್ಸಿನೋಮ ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯ ಕ್ಯಾನ್ಸರ್ ಆಗಿ ಬದಲಾಗುವುದನ್ನೂ ನೋಡಿದ್ದೇವೆ. ಅಂದರೆ ರೂಪ ನೋಡಿ ಮೂಲ ಕೋಶ ಹೇಳಲಾಗದು.

ವರದಿಯಲ್ಲಿ ಬರೆದೆ: ಎರಡೂ ಭಾಗಗಳಲ್ಲಿ ಒಂದೇ ಇಜಿಎಫ್‌ಆರ್ ಮತ್ತು ಟಿಪಿ53 ಬದಲಾವಣೆಗಳಿವೆ, ಒಂದೇ ಮೂಲವನ್ನು ಸೂಚಿಸುತ್ತವೆ. ಮೂಲ ಕೋಶದ ಹೆಸರು ಬರೆಯಲಿಲ್ಲ.