ಬೆಂಗಳೂರಿನ ಸೀಟು ಬಿಟ್ಟು ಬಾಗಲಕೋಟೆಯಲ್ಲೇ ಎಲ್‌ಎಲ್‌ಬಿ: ನನ್ನ ಲೆಕ್ಕ

ಮೂರು ವರ್ಷದ ಎಲ್‌ಎಲ್‌ಬಿ ಬಾಗಲಕೋಟೆಯಲ್ಲೇ ಓದುತ್ತೇನೆ ಅಂದಾಗ ನಮ್ಮ ಕಾಕಾ ನಕ್ಕಿದ್ದರು. "ಇಲ್ಲೇ ಓದಿ, ಇಲ್ಲೇ ಕರೀಕೋಟ್ ಹಾಕ್ಕೊಂಡು ಚಹಾ ಕುಡಕೋತ ಕುಂದರಾಂವ ಏನಪಾ?" ಹೋದ ತಿಂಗಳು ಅವರ ಹೊಲದ ಪರಿಹಾರದ ಫೈಲು ನನ್ನ ಟೇಬಲ್ಲಿಗೇ ಬಂತು. ಫೀ ಇನ್ನೂ ಕೊಟ್ಟಿಲ್ಲ, ಅದು ಬೇರೆ ಮಾತು.

ಮೊದಲು ನಾನೂ ಎಡವಿದವನೇ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಹಿಡಿಯಲು 20 ಸಾವಿರ ಕಟ್ಟಿದ್ದೆ. ಫೀ ವರ್ಷಕ್ಕೆ ಒಂದೂವರೆ ಲಕ್ಷ, ಪಿಜಿ-ಊಟ ತಿಂಗಳಿಗೆ 10 ಸಾವಿರ. ಮೂರು ವರ್ಷಕ್ಕೆ 8 ಲಕ್ಷ ದಾಟುತ್ತಿತ್ತು. ಅಪ್ಪ ಒಂದು ಎಕರೆ ಮಾರೋಣ ಅಂದರು. ಆಮೇಲೆ ನೋಡಿದರೆ ನಮ್ಮೂರಿನ ಕಾಲೇಜಿನ ಹಾಗೆ ಆ ಕಾಲೇಜೂ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೇ ಇತ್ತು! ಅದೇ ಸಿಲಬಸ್, ಅದೇ ಪ್ರಶ್ನೆಪತ್ರಿಕೆ. ಸೀಟು ಬಿಟ್ಟೆ. 20 ಸಾವಿರ ವಾಪಸ್ ಬರಲಿಲ್ಲ.

ಆಗ ಬ್ರೋಷರ್ ಪಕ್ಕಕ್ಕಿಟ್ಟು ನವನಗರದ ಕೋರ್ಟಿನ ಕ್ಯಾಂಟೀನಿನಲ್ಲಿ ಎರಡು ವಾರ ಕುಳಿತೆ. ಸನದು, ಅಂದರೆ ವಕೀಲಿಕೆಯ ಪರವಾನಗಿ, ಸಿಕ್ಕು ಮೂರು ವರ್ಷವಾದವರನ್ನೇ ಹುಡುಕಿ, ತಿಂಗಳಿಗೆ ಕೈಗೆಷ್ಟು ಬರುತ್ತೆ ಅಂತ ಕೇಳಿದೆ. ಹತ್ತು-ಹನ್ನೆರಡು ಮಂದಿ ಸಿಕ್ಕರು. ಇಲ್ಲೇ ಓದಿದವರಿಗೆ 15ರಿಂದ 20 ಸಾವಿರ. ದೊಡ್ಡ ಫೀ ಕಟ್ಟಿ ಬಂದವರಿಗೂ ಅಷ್ಟೇ, ಒಬ್ಬಿಬ್ಬರಿಗೆ ಇನ್ನೂ ಕಡಿಮೆ. ಅವರಿಗೆ ಇಲ್ಲಿಯ ಕಕ್ಷಿದಾರರ ಪರಿಚಯವೇ ಇರಲಿಲ್ಲ. ವಕೀಲರ ಬಾಯಿಂದ ನಿಜವಾದ ಅಂಕಿ ಹೊರಡಿಸಲು ನನ್ನದೊಂದು ಪ್ರಶ್ನೆ ಇದೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ವಕೀಲಿಕೆಗೆ ವಿಜಯಪುರ ಆದೀತೇ ಅಂತ ಅದನ್ನೂ ಒಂದು ತಿಂಗಳು ನೋಡಿದೆ. ಆದರೆ ಅಲ್ಲಿಯ ಅಪೀಲು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತವೆ, ಬಾಗಲಕೋಟೆಯವು ಧಾರವಾಡಕ್ಕೆ. ಧಾರವಾಡದಲ್ಲಿ ಅಕ್ಕನ ಮನೆ ಇದೆ. ಊಟ, ವಸತಿ ಪುಕ್ಕಟೆ. ಅದೂ ಲೆಕ್ಕವೇ ಅಲ್ವಾ? ಮೇಲಾಗಿ ನಮ್ಮದು ಆಲಮಟ್ಟಿ ಹಿನ್ನೀರಿನ ಜಿಲ್ಲೆ, ಭೂಸ್ವಾಧೀನದ ಕೇಸಿಗೆ ಬರವಿಲ್ಲ.

ಫೀ, ಪುಸ್ತಕ, ಬಸ್ ಪಾಸು ಎಲ್ಲ ಸೇರಿ ಒಂದೂಕಾಲು ಲಕ್ಷದೊಳಗೆ ಓದು ಮುಗಿಯಿತು. ಸನದಿಗೆ ಮಾತ್ರ 15 ಸಾವಿರದ ಸುಮಾರು ಕಟ್ಟಿದ್ದೆ. 2024ರಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಜಾಸ್ತಿ ತಗೋಬಾರದು ಅಂತು. ನನ್ನ ನಸೀಬು ನೋಡಿ!

ವಕೀಲಿಕೆಯ ಮೊದಲ ವರ್ಷ ಹೈರಾಣಾದೆ. ಸೀನಿಯರ್ ವಕೀಲರು ಕೊಟ್ಟದ್ದು ತಿಂಗಳಿಗೆ 2 ಸಾವಿರ, ಕೆಲವು ತಿಂಗಳು ಅದೂ ಇಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಅರ್ಜಿ ಟೈಪ್ ಮಾಡಿಕೊಟ್ಟು, ಪುಟಕ್ಕೆ 30 ರೂಪಾಯಿಯಂತೆ ಪೆಟ್ರೋಲ್ ಖರ್ಚು ನೀಗಿಸಿದೆ.

ಕಂಪನಿ ಕೆಲಸವೇ ಬೇಕು ಅನ್ನುವವರ ಲೆಕ್ಕ ಬೇರೆ. ಎನ್‌ಎಲ್‌ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಹೋಗಿ. ನಾನು ಹೆದರುವುದು ನಡುವಿನ ಕಾಲೇಜುಗಳಿಗೆ. ಫೀ ಬೆಂಗಳೂರಿನದು, ಕೊನೆಗೆ ಸಿಗುವ ಕೆಲಸ ನಮ್ಮೂರಿನದು.

ಸನದು ಸಿಕ್ಕು ಈಗ ನಾಲ್ಕನೇ ವರ್ಷ. ತಿಂಗಳಿಗೆ 35-40 ಸಾವಿರಕ್ಕೆ ಮೋಸವಿಲ್ಲ. ಮೇ ತಿಂಗಳ ಕೋರ್ಟು ರಜೆಯಲ್ಲಿ ಮಾತ್ರ ಮತ್ತೆ ಟೈಪಿಂಗೇ ಗತಿ.