ಸ್ಪೇಸ್ ಸ್ಟೇಷನ್‌ನಲ್ಲಿ ತಲೆಗೆ ಸ್ನಾನ ಮಾಡೋದು ಹೇಗೆ?

ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುತ್ತಿರೋ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಶವರ್ ಇಲ್ಲ, ಬಕೆಟ್ಟೂ ಇಲ್ಲ, ಇದ್ರೂ ಏನೂ ಪ್ರಯೋಜನ ಇಲ್ಲ ಬಿಡಿ, ಅಲ್ಲಿ ನೀರು ಕೆಳಗೇ ಬೀಳಲ್ಲ. 1973ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಮಡಚಿಡೋ ಶವರ್ ಒಂದನ್ನ ಇಟ್ಟಿದ್ರು, ಆದ್ರೆ ಸ್ನಾನ ಆದ್ಮೇಲೆ ಆ ನೀರನ್ನೆಲ್ಲ ಹೀರಿ ತೆಗೆಯೋದೇ ದೊಡ್ಡ ಕೆಲಸ ಆಗೋಯ್ತು.

ಹಾಗಾಗಿ ಮೊದಲು ಸಾಮಾನು ಹೊಂದಿಸ್ಕೊಳ್ಳಿ. ಬಿಸಿನೀರಿನ ಪೌಚ್, ತೊಳೆಯೋ ಅಗತ್ಯ ಇಲ್ಲದ ಶಾಂಪೂ, ಬಾಚಣಿಗೆ, ಕನ್ನಡಿ, ಟವೆಲ್. ಎಲ್ಲಾನೂ ವೆಲ್ಕ್ರೋ ಹಾಕಿ ಗೋಡೆಗೆ ಅಂಟಿಸಿಡಿ, ಇಲ್ಲಾಂದ್ರೆ ತಲೇಲಿ ನೊರೆ ಇಟ್ಕೊಂಡು ಬಾಚಣಿಗೆ ಹುಡುಕ್ತಾ ಈಜಾಡ್ಬೇಕಾಗುತ್ತೆ.

ಆಮೇಲೆ ಪೌಚ್‌ನ ಸ್ಟ್ರಾ ಕೂದಲ ಬುಡಕ್ಕೆ ತಾಗಿಸಿ ಮೆಲ್ಲಗೆ ಹಿಂಡಿ. ಇಲ್ಲಿ ಅವಸರ ಬೇಡ. ನೀರು ಹರಿಯಲ್ಲ, ಮೇಲ್ಮೈ ಎಳೆತದಿಂದ ಎಲ್ಲಿ ತಾಗುತ್ತೋ ಅಲ್ಲೇ ಜೆಲ್ಲಿ ಥರ ಕಚ್ಕೊಳ್ಳುತ್ತೆ, ಜೋರಾಗಿ ಹಿಂಡಿದ್ರೆ ಮಾತ್ರ ಗುಂಡು ಗುಂಡು ಹನಿಗಳಾಗಿ ಹಾರುತ್ತೆ, ಆಗ ಟವೆಲ್ ಹಿಡಿದು ಅದರ ಹಿಂದೆ ಹೋಗೋದೇ. 2013ರಲ್ಲಿ ನಾಸಾ ಗಗನಯಾತ್ರಿ ಕರೆನ್ ನೈಬರ್ಗ್ ತಮ್ಮ ಉದ್ದ ಕೂದಲು ತೊಳೆಯೋದನ್ನ ವಿಡಿಯೋ ಮಾಡಿ ತೋರಿಸಿದ್ರು, ಕೂದಲೆಲ್ಲ ನೆಟ್ಟಗೆ ಮೇಲಕ್ಕೆ ನಿಂತಿರುತ್ತೆ, ಅವರು ಕೈಯಲ್ಲೇ ನೀರನ್ನ ಬುಡದಿಂದ ತುದಿವರೆಗೂ ಎಳೀತಾ ಹೋಗ್ತಾರೆ. ಅಲ್ಲಿ ಕ್ರಾಪ್ ಇರೋರೇ ಪುಣ್ಯವಂತರು ಅನ್ಸುತ್ತೆ.

ಶಾಂಪೂ ಹಾಕಿ ಚೆನ್ನಾಗಿ ಉಜ್ಜಿ, ಕೊಳೆಯನ್ನ ಟವೆಲ್‌ಗೆ ಒರೆಸಿ, ಮತ್ತೆ ಸ್ವಲ್ಪ ನೀರು, ಮತ್ತೆ ಒರೆಸೋದು, ಬಾಚೋದು. ಅಷ್ಟೇ. ಮೈಗಂತೂ ಒದ್ದೆ ಬಟ್ಟೆನೇ ಗತಿ.

ಒದ್ದೆ ಟವೆಲ್ ಗಾಳಿ ಆಡೋ ಕಡೆ ಸಿಕ್ಕಿಸಿ. ಅದರಿಂದ ಆವಿಯಾದ ತೇವ ಗಾಳಿ ಸೇರಿ, ಯಂತ್ರದಲ್ಲಿ ಮತ್ತೆ ನೀರಾಗಿ, ಶುದ್ಧ ಆಗಿ ಕುಡಿಯೋಕೆ ಬರುತ್ತೆ. ಬೆವರು, ಮೂತ್ರ ಎಲ್ಲಾ ಸೇರಿ ಶೇಕಡಾ 98ರಷ್ಟು ನೀರು ವಾಪಸ್ ಸಿಗುತ್ತೆ ಅಂತ 2023ರಲ್ಲಿ ನಾಸಾ ಹೇಳಿದೆ. ಬಟ್ಟೆ ಒಗೆಯೋ ಮೆಷಿನ್ ಮಾತ್ರ ಇಲ್ಲ, ಹಾಕಿ ಹಾಕಿ ಕೊಳೆ ಆದ್ಮೇಲೆ ಕಸದ ಜೊತೆ ಕಾರ್ಗೋ ನೌಕೆಗೆ ತುಂಬ್ತಾರೆ, ವಾತಾವರಣಕ್ಕೆ ಬರುವಾಗ ಅದು ಸುಟ್ಟು ಹೋಗುತ್ತೆ.

ಉದುರಿದ ಕೂದಲು ನೆಲಕ್ಕೆ ಬೀಳಲ್ಲ, ಗಾಳಿ ಎಳೆದ ಕಡೆ ಹೋಗಿ ಫಿಲ್ಟರ್ ಜಾಲರಿಗೆ ಮೆತ್ಕೊಳ್ಳುತ್ತೆ. ಅದನ್ನ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ತೆಗೀಬೇಕು, ಸಾಮಾನ್ಯವಾಗಿ ಶನಿವಾರದ ಕ್ಲೀನಿಂಗ್ ಟೈಮಲ್ಲಿ.