ಸಿನಾತ್ರಾ ಬೀಗ ಹಾಕಿದರೆಂಬ ಚಿತ್ರ: ನನ್ನ ಅನುಭವ

1963ರ ನವೆಂಬರಿನಲ್ಲಿ ನಡೆದ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಿಂದ ನೊಂದ ನಟ, ಗಾಯಕ ಫ್ರಾಂಕ್ ಸಿನಾತ್ರಾ, ರಾಜಕೀಯ ಹತ್ಯೆಯ ಸಂಚಿನ ಕತೆಯುಳ್ಳ, ತಾವೇ ನಟಿಸಿದ್ದ 1962ರ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ ಚಿತ್ರವನ್ನು ತಾವೇ ಹಿಂತೆಗೆದುಕೊಂಡು ಇಪ್ಪತ್ತೈದು ವರ್ಷ ಮುಚ್ಚಿಟ್ಟರೆಂಬ ಕತೆಯನ್ನು ಹಳೆಯ ಪತ್ರಿಕೆಗಳ ಟಿವಿ ಕಾರ್ಯಕ್ರಮಪಟ್ಟಿಯಿಂದಲೇ ಪರೀಕ್ಷಿಸುತ್ತೇನೆ ಎಂದಾಗ ಜೊತೆಗಾರರು ನಕ್ಕಿದ್ದರು.

ಮೊದಲ ಪೆಟ್ಟು ನನ್ನ ದಡ್ಡತನದ್ದೇ. ಸುಮಾರು ಎಂಬತ್ತು ಡಾಲರ್ ತೆತ್ತು 1963ರ ನವೆಂಬರ್, ಡಿಸೆಂಬರ್ ತಿಂಗಳ ಪುಟಗಳನ್ನು ತರಿಸಿದೆ. ಚಿತ್ರದ ಸುಳಿವೇ ಇರಲಿಲ್ಲ. ಆದರೆ ಹಿಂದಿನ ವರ್ಷದ ಅಕ್ಟೋಬರಿನಲ್ಲಿ ತೆರೆಕಂಡ ಚಿತ್ರ ಹದಿಮೂರು ತಿಂಗಳ ಬಳಿಕ ಚಿತ್ರಮಂದಿರದಲ್ಲಿ ಇಲ್ಲವೆಂದರೆ ಅದರಿಂದ ಏನು ತಾನೇ ಸಾಬೀತಾದೀತು? ಎರಡನೆಯ ಸಲ, ಚಂದಾ ತೆತ್ತು ಹಳೆಯ ಪತ್ರಿಕೆಗಳ ಸಂಗ್ರಹವೊಂದರಲ್ಲಿ ‘ಕ್ಯಾಂಡಿಡೇಟ್’ ಎಂದು ಹುಡುಕಿದೆ. 1964 ಚುನಾವಣೆಯ ವರ್ಷವಾದ್ದರಿಂದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಜಾನ್ಸನ್, ಗೋಲ್ಡ್‌ವಾಟರ್ ಸುದ್ದಿಗಳೇ ಸಾವಿರಗಟ್ಟಲೆ ಬಂದು ಬಿದ್ದವು. ಎರಡು ತಿಂಗಳ ಚಂದಾ ಹಾಗೆಯೇ ಕರಗಿತು.

ಕೊನೆಗೆ ಚಿತ್ರದ ಹೆಸರನ್ನು ಬಿಟ್ಟು ಕಲಾವಿದರ ಹೆಸರು ಹಿಡಿದೆ. ಯಾರ ಹೆಸರು ಕಡಿಮೆ ಕಸ ತರುತ್ತದೆಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅಲ್ಲಿಂದ ಕೆಲಸ ಸಲೀಸಾಯಿತು: ಹತ್ಯೆಗೆ ಎರಡು ವರ್ಷ ತುಂಬುವ ಮೊದಲೇ, 1965ರ ಸೆಪ್ಟೆಂಬರಿನ ಒಂದು ಗುರುವಾರ ರಾತ್ರಿ, ಸಿಬಿಎಸ್ ವಾಹಿನಿ ಇದೇ ಚಿತ್ರವನ್ನು ದೇಶಕ್ಕೆಲ್ಲ ತೋರಿಸಿತ್ತು! 1974ರಲ್ಲಿ ಎನ್‌ಬಿಸಿಯೂ ತೋರಿಸಿತು. ಬೀಗದ ಕತೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಚಿತ್ರ ಹೋದದ್ದೆಲ್ಲಿ? ಚಿತ್ರವನ್ನು ಬಿಡುಗಡೆ ಮಾಡಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಸ್ಟುಡಿಯೊ ಜೊತೆಗಿನ ಕರಾರು ಮುಗಿದು, 1972ರ ಹೊತ್ತಿಗೆ ಹಕ್ಕುಗಳು ಸಿನಾತ್ರಾ ಅವರ ಕಡೆಗೆ ಬಂದಿದ್ದವು. ಸ್ಟುಡಿಯೊದ ಕೈಯಲ್ಲಿರುವ ಚಿತ್ರವನ್ನು ಊರೂರಿಗೆ ಕಳಿಸಲು ಸಂಬಳದ ಜನರಿರುತ್ತಾರೆ. ನಟನೊಬ್ಬನ ಕಡೆಯವರಲ್ಲಿ ಉಳಿದ ಚಿತ್ರಕ್ಕೆ ಅಂಥವರು ಯಾರು? ದುಃಖಕ್ಕಿಂತ ಕಾಗದಪತ್ರವೇ ಚಿತ್ರವನ್ನು ಮರೆಮಾಡಿತೆಂಬುದು ನನ್ನ ತೀರ್ಮಾನ. ಲಾಭದ ಲೆಕ್ಕದ ಜಗಳವಿತ್ತೆಂಬ ಮಾತೂ ಇದೆ; ಅದು ಕಾರ್ಯಕ್ರಮಪಟ್ಟಿಯಿಂದ ತಿಳಿಯುವಂಥದ್ದಲ್ಲ. 1987ರ ನ್ಯೂಯಾರ್ಕ್ ಚಿತ್ರೋತ್ಸವದ ಪ್ರದರ್ಶನಕ್ಕೆ ಜನ ಮುಗಿಬಿದ್ದ ಮೇಲೆ ಸ್ಟುಡಿಯೊ ಹಕ್ಕುಗಳನ್ನು ಮತ್ತೆ ಪಡೆದು, ಮರುವರ್ಷ ಅದನ್ನು ಚಿತ್ರಮಂದಿರಗಳಿಗೆ ತಂದಿತು.

ಇದೇ ಗುಂಗಿನಲ್ಲಿ ಸಿನಾತ್ರಾ ಅಧ್ಯಕ್ಷರನ್ನು ಕೊಲ್ಲಲು ಹೊರಟ ಹಂತಕನಾಗಿ ನಟಿಸಿದ 1954ರ ‘ಸಡನ್ಲಿ’ ಚಿತ್ರವನ್ನೂ ಕೆದಕಿದೆ. ಅದನ್ನೂ ಅವರೇ ಹಿಂತೆಗೆಸಿದರೆಂಬ ವದಂತಿಯಿತ್ತು. ಆದರೆ ಅದರ ಕೃತಿಸ್ವಾಮ್ಯವನ್ನು ಯಾರೂ ನವೀಕರಿಸದೆ, ಅದು ಕಂಡಕಂಡವರ ಕ್ಯಾಸೆಟ್ಟುಗಳಲ್ಲಿ ಅಗ್ಗವಾಗಿ ಮಾರಾಟವಾಯಿತು.

ಒಟ್ಟು ಖರ್ಚು ಮುನ್ನೂರು ಡಾಲರಿನ ಆಸುಪಾಸು. ನಕ್ಕವರಲ್ಲೊಬ್ಬರು ಈಗ 1965ರ ಆ ಪುಟದ ಪ್ರತಿ ಕೇಳಿದ್ದಾರೆ. ಖರ್ಚಿನಲ್ಲಿ ಅರ್ಧ ಕೊಟ್ಟರೆ ಕಳಿಸುತ್ತೇನೆಂದು ಬರೆದಿದ್ದೇನೆ.